ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಒಂದೇ, ಹೊತ್ತು ಬೇರೆ

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೂ ನಡುವಣ ಅತಿ ಹತ್ತಿರದ ದೂರ ಸುಮಾರು 14,000 ಕಿಲೋಮೀಟರ್. ದೊಡ್ಡ ಪ್ರಯಾಣಿಕ ವಿಮಾನವೊಂದು ಗಂಟೆಗೆ 900 ಕಿ.ಮೀ. ವೇಗದಲ್ಲಿ ಹಾರುತ್ತದೆ ಎಂದು ಹಿಡಿದು ಭಾಗಿಸಿದರೆ ಹದಿನೈದೂವರೆ ಗಂಟೆ ಎಂಬ ಉತ್ತರ ಬರುತ್ತದೆ. ಆದರೆ ವಾಸ್ತವದಲ್ಲಿ ಈ ಪ್ರಯಾಣ ಒಂದು ದಿಕ್ಕಿನಲ್ಲಿ ಹದಿನಾರು ಗಂಟೆಯ ಆಸುಪಾಸಿನಲ್ಲಿದ್ದು, ಮರಳುವ ದಿಕ್ಕಿನಲ್ಲಿ ಹದಿನೇಳು ಗಂಟೆಯನ್ನೂ ಮೀರುವುದುಂಟು. ಎರಡೂ ಊರುಗಳ ಗಡಿಯಾರಗಳನ್ನು ನಂಬಿದರಂತೂ ಹೋಗುವಾಗ ಎರಡೂವರೆ ಗಂಟೆ, ಬರುವಾಗ ಮೂವತ್ತು ಗಂಟೆಗೂ ಹೆಚ್ಚು ಹೊತ್ತು ಹಿಡಿದಂತೆ ಕಾಣುತ್ತದೆ. ದೂರವನ್ನು ಭೂಮಿಯ ಆಕಾರವೊಂದೇ ನಿರ್ಧರಿಸುತ್ತದೆ; ಪ್ರಯಾಣದ ಅವಧಿಯನ್ನಾದರೋ ಗಾಳಿ, ಯಂತ್ರ, ಸುರಕ್ಷತೆಯ ನಿಯಮ, ದೇಶದೇಶಗಳ ಸಂಬಂಧ ಮತ್ತು ಗಡಿಯಾರದ ಕುರಿತ ಒಪ್ಪಂದ ಇವೆಲ್ಲ ಸೇರಿ ನಿರ್ಧರಿಸುತ್ತವೆ. ಕರ್ನಾಟಕದ ಸಾವಿರಾರು ಕುಟುಂಬಗಳ ಮಕ್ಕಳು ಕ್ಯಾಲಿಫೋರ್ನಿಯದಲ್ಲಿ ನೆಲೆಸಿರುವ ಈ ಕಾಲದಲ್ಲಿ, ಟಿಕೆಟಿನ ಮೇಲೆ ಅಚ್ಚಾಗುವ ಈ ಅಂಕಿಗಳ ಹಿಂದೆ ಏನೇನಿದೆ ಎಂಬುದನ್ನು ಬಿಡಿಸಿ ನೋಡುವುದು ಉಪಯುಕ್ತ.

ಮೊದಲು ದೂರದ ಲೆಕ್ಕ. ಭೂಮಿಯ ಮೇಲಿನ ಯಾವುದೇ ಸ್ಥಳವನ್ನು ಎರಡು ಕೋನಗಳಿಂದ ಗುರುತಿಸಬಹುದು. ಸಮಭಾಜಕ ವೃತ್ತದಿಂದ ಉತ್ತರಕ್ಕೆ ಅಥವಾ ದಕ್ಷಿಣಕ್ಕೆ ಇರುವ ಕೋನ ಅಕ್ಷಾಂಶ. ಲಂಡನ್ನಿನ ಗ್ರೀನಿಚ್ ಮೂಲಕ ಹಾದುಹೋಗುವ ಮೂಲ ರೇಖೆಯಿಂದ ಪೂರ್ವಕ್ಕೆ ಅಥವಾ ಪಶ್ಚಿಮಕ್ಕೆ ಇರುವ ಕೋನ ರೇಖಾಂಶ. ಬೆಂಗಳೂರಿನ ನಿಲ್ದಾಣ 13.2 ಡಿಗ್ರಿ ಉತ್ತರ ಅಕ್ಷಾಂಶ ಮತ್ತು 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದ್ದರೆ, ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ 37.6 ಡಿಗ್ರಿ ಉತ್ತರ ಮತ್ತು 122.4 ಡಿಗ್ರಿ ಪಶ್ಚಿಮದಲ್ಲಿದೆ. ಈ ಎರಡು ಬಿಂದುಗಳನ್ನೂ ಭೂಮಿಯ ಕೇಂದ್ರವನ್ನೂ ಒಳಗೊಳ್ಳುವಂತೆ ಭೂಗೋಲವನ್ನು ಸರಿಯಾಗಿ ಎರಡು ಅರ್ಧಗಳಾಗಿ ಕತ್ತರಿಸಿದರೆ, ಕತ್ತರಿಸಿದ ಅಂಚು ಒಂದು ವೃತ್ತವಾಗುತ್ತದೆ. ಅದಕ್ಕೆ ಮಹಾವೃತ್ತ ಎಂದು ಹೆಸರು. ಗೋಲದ ಮೇಲ್ಮೈಯಲ್ಲಿ ಎರಡು ಬಿಂದುಗಳನ್ನು ಸೇರಿಸುವ ಅತಿ ಚಿಕ್ಕ ದಾರಿ ಈ ಮಹಾವೃತ್ತದ ಒಂದು ತುಂಡು. ತ್ರಿಕೋನಮಿತಿಯ ಸೂತ್ರವೊಂದರಲ್ಲಿ ಮೇಲಿನ ನಾಲ್ಕು ಕೋನಗಳನ್ನು ಹಾಕಿದರೆ, ಈ ತುಂಡು ಭೂಮಿಯ ಕೇಂದ್ರದಲ್ಲಿ 125.8 ಡಿಗ್ರಿಗಳ ಕೋನವನ್ನು ಉಂಟುಮಾಡುತ್ತದೆ ಎಂದು ತಿಳಿಯುತ್ತದೆ. ಮಹಾವೃತ್ತದ ಒಂದು ಡಿಗ್ರಿ ಸುಮಾರು 111 ಕಿ.ಮೀ. ಉದ್ದವಿರುವುದರಿಂದ ದೂರ 14,000 ಕಿ.ಮೀ.ಗೆ ತೀರ ಸಮೀಪ ಬಂದು ನಿಲ್ಲುತ್ತದೆ. ಪೈಲಟ್‌ಗಳು ಇಂದಿಗೂ ಬಳಸುವ ನಾಟಿಕಲ್ ಮೈಲಿ ಹುಟ್ಟಿದ್ದು ಇದೇ ಲೆಕ್ಕದಿಂದ. ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಸಿಗುವ ಉದ್ದವೇ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ಕೋನ ತಿಳಿದರೆ ಸಾಕು, ಅರವತ್ತರಿಂದ ಗುಣಿಸಿ ದೂರವನ್ನು ಹೇಳಿಬಿಡಬಹುದು.

ಗೋಡೆಗೆ ತೂಗುಹಾಕಿದ ಭೂಪಟವನ್ನು ನೋಡಿ ಬೆಳೆದ ಕಣ್ಣಿಗೆ ಈ ದಾರಿ ವಿಚಿತ್ರವಾಗಿ ತೋರುತ್ತದೆ. ಭೂಪಟದಲ್ಲಿ ಬೆಂಗಳೂರಿನಿಂದ ಬಲಕ್ಕೆ ಪೆಸಿಫಿಕ್ ಸಾಗರವನ್ನು ದಾಟಿ ನೇರ ಗೆರೆ ಎಳೆದರೆ ಸ್ಯಾನ್ ಫ್ರಾನ್ಸಿಸ್ಕೊ ಸಿಗುತ್ತದೆ, ಆ ಗೆರೆ ಹೆಚ್ಚುಕಡಿಮೆ ಪೂರ್ವ ದಿಕ್ಕಿನದು. ಮಹಾವೃತ್ತದ ದಾರಿಯಾದರೋ ಬೆಂಗಳೂರಿನಿಂದ ಹೊರಡುವಾಗ ನೇರ ಉತ್ತರದಿಂದ ಕೇವಲ 20 ಡಿಗ್ರಿಯಷ್ಟು ಪೂರ್ವಕ್ಕೆ ವಾಲಿ, ನೇಪಾಳ, ಟಿಬೆಟ್, ಮಂಗೋಲಿಯ, ಸೈಬೀರಿಯಗಳನ್ನು ದಾಟಿ, ಆರ್ಕ್ಟಿಕ್ ಸಾಗರದ ಅಂಚಿನಲ್ಲಿ 71 ಡಿಗ್ರಿ ಅಕ್ಷಾಂಶದವರೆಗೆ ಏರಿ, ಅಲ್ಲಿಂದ ಅಲಾಸ್ಕದ ಮೇಲೆ ಇಳಿದು ಬರುತ್ತದೆ. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ನಾವಿಕರಿಗಾಗಿ ರಚಿಸಿದ ಭೂಪಟದ ಮಾದರಿಯಲ್ಲಿ, ದಿಕ್ಸೂಚಿಯ ಒಂದೇ ಕೋನವನ್ನು ಹಿಡಿದು ಸಾಗುವ ದಾರಿಗಳು ನೇರ ಗೆರೆಗಳಾಗಿ ಮೂಡುತ್ತವೆ. ಸಮುದ್ರಯಾನಕ್ಕೆ ಅದು ದೊಡ್ಡ ಅನುಕೂಲವಾಗಿತ್ತು. ಆ ಅನುಕೂಲಕ್ಕೆ ತೆತ್ತ ಬೆಲೆಯೆಂದರೆ ಧ್ರುವಗಳತ್ತ ಹೋದಂತೆಲ್ಲ ಭೂಭಾಗಗಳು ಹಿಗ್ಗಿ, ದೂರಗಳು ಸುಳ್ಳಾಗಿ ಕಾಣುವುದು. ಆ ಪಟದ ನೇರ ಗೆರೆಯನ್ನೇ ಅನುಸರಿಸಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹಾರಿದರೆ ಸುಮಾರು 16,100 ಕಿ.ಮೀ. ಕ್ರಮಿಸಬೇಕಾಗುತ್ತದೆ, ಅಂದರೆ ಎರಡು ಗಂಟೆಗೂ ಹೆಚ್ಚು ಕಾಲದ ಅನಗತ್ಯ ಹಾರಾಟ. ಬದಲಿಗೆ ಸರಿಯಾಗಿ ಉತ್ತರ ಧ್ರುವದ ನೆತ್ತಿಯ ಮೇಲೆ ಹಾದುಹೋದರೂ ದೂರ 14,360 ಕಿ.ಮೀ. ಮಾತ್ರ, ಅತಿ ಚಿಕ್ಕ ದಾರಿಗಿಂತ ನಾನೂರು ಕಿ.ಮೀ.ಗಿಂತ ಕಡಿಮೆ ಹೆಚ್ಚಳ. ಭೂಪಟದಲ್ಲಿ ಎಲ್ಲೋ ಮೇಲಂಚಿನಲ್ಲಿ ಕಾಣುವ ಧ್ರುವ, ಈ ಎರಡು ಊರುಗಳ ಮಟ್ಟಿಗೆ, ಹೆಚ್ಚುಕಡಿಮೆ ದಾರಿಯ ಮೇಲೆಯೇ ಇದೆ.

ಭೂಮಿಯನ್ನು ಅಳೆಯದೆ ಪಟವನ್ನು ನಂಬಿದರೆ ಆಗುವ ತಪ್ಪಿಗೆ ಕನ್ನಡ ನೆಲದಲ್ಲಿಯೇ ಹಳೆಯ ನಿದರ್ಶನವಿದೆ. ಭೂಮಾಪಕ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯೊಂದನ್ನು ಅಳೆದು, ತ್ರಿಕೋನಗಳ ಸರಪಳಿಯನ್ನು ಬೆಂಗಳೂರಿನ ಮೂಲಕ ಮಂಗಳೂರಿನ ಕಡಲತೀರದವರೆಗೆ ಒಯ್ದಾಗ, ದಕ್ಷಿಣ ಭಾರತದ ಅಗಲ ಅಂದಿನ ಭೂಪಟಗಳು ತೋರಿಸುತ್ತಿದ್ದುದಕ್ಕಿಂತ ಸುಮಾರು 40 ಮೈಲಿ ಕಡಿಮೆ ಎಂದು ಕಂಡುಬಂತು. ಭೂಮಿಯ ನಿಜವಾದ ಆಕಾರವನ್ನು ತಿಳಿಯುವುದೂ ಆ ಸಮೀಕ್ಷೆಯ ಉದ್ದೇಶವಾಗಿತ್ತು. ಭೂಮಿ ಪರಿಪೂರ್ಣ ಗೋಲವಲ್ಲ. ಸಮಭಾಜಕದಲ್ಲಿ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357 ಕಿ.ಮೀ. ಈ 21 ಕಿ.ಮೀ. ವ್ಯತ್ಯಾಸದಿಂದಾಗಿ, ಗೋಲವೆಂದು ಭಾವಿಸಿ ಮಾಡಿದ ಲೆಕ್ಕಕ್ಕೂ ಚಪ್ಪಟೆಯಾದ ಧ್ರುವಗಳನ್ನು ಗಣನೆಗೆ ತೆಗೆದುಕೊಂಡ ಲೆಕ್ಕಕ್ಕೂ ಶೇಕಡಾ ಅರ್ಧದವರೆಗೆ ಅಂತರ ಬರಬಹುದು. ಒಂದೇ ಜೋಡಿ ನಿಲ್ದಾಣಗಳಿಗೆ ಬೇರೆ ಬೇರೆ ಕಡೆ ಕೆಲವು ಕಿ.ಮೀ.ಗಳಷ್ಟು ಭಿನ್ನವಾದ ಅಂಕಿಗಳು ಸಿಗುವುದಕ್ಕೆ ಇದು ಕಾರಣವೇ ಹೊರತು ಯಾರದೋ ಅಜಾಗರೂಕತೆ ಅಲ್ಲ.

ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಎಲ್ಲಿಯೂ ನಿಲ್ಲದ ಸೇವೆಯನ್ನು ಏರ್ ಇಂಡಿಯ 2021ರ ಜನವರಿಯಲ್ಲಿ ಆರಂಭಿಸಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದಲ್ಲಿ, ಕಾಕ್‌ಪಿಟ್‌ನಲ್ಲಿ ಮಹಿಳೆಯರಷ್ಟೇ ಇದ್ದ ತಂಡವು ಬೋಯಿಂಗ್ 777-200ಎಲ್ಆರ್ ವಿಮಾನವನ್ನು ಉತ್ತರ ಧ್ರುವದ ಮೇಲಿನಿಂದ ನಡೆಸಿ ತಂದಿತು. ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟ ವಿಮಾನ 11ರ ನಸುಕಿನಲ್ಲಿ ಬೆಂಗಳೂರಿಗೆ ಇಳಿಯಿತು. ಅತಿ ಚಿಕ್ಕ ದಾರಿಯನ್ನು ಬಿಟ್ಟು ಧ್ರುವದತ್ತ ಹೋಗುವುದರಿಂದ ಕಾಲ ಉಳಿಯುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಅದಕ್ಕೆ ಉತ್ತರ ಗಾಳಿಯಲ್ಲಿದೆ.

ಭೂಮಿಯಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ, ಧ್ರುವದ ಕಡೆಯ ತಣ್ಣನೆಯ ಗಾಳಿಯೂ ಉಷ್ಣವಲಯದ ಕಡೆಯ ಬೆಚ್ಚನೆಯ ಗಾಳಿಯೂ ಸಂಧಿಸುವ ಅಕ್ಷಾಂಶಗಳಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಕಿರಿದಾದ ಪಟ್ಟಿಗಳಾಗಿ ಬಲವಾದ ಗಾಳಿ ಹರಿಯುತ್ತಿರುತ್ತದೆ. ಇವೇ ಜೆಟ್ ಪ್ರವಾಹಗಳು. ಉಷ್ಣತೆಯ ವ್ಯತ್ಯಾಸದಿಂದ ಹುಟ್ಟುವ ಗಾಳಿಯನ್ನು ಭೂಮಿಯ ತಿರುಗುವಿಕೆ ಪೂರ್ವಕ್ಕೆ ಬಾಗಿಸುವುದರಿಂದ ಅವುಗಳ ದಿಕ್ಕು ಹೀಗೆ ನಿಗದಿಯಾಗಿದೆ. ಆ ವ್ಯತ್ಯಾಸ ಚಳಿಗಾಲದಲ್ಲಿ ಹೆಚ್ಚುವುದರಿಂದ ಪ್ರವಾಹದ ಬಲವೂ ಆಗ ಹೆಚ್ಚುತ್ತದೆ, ಗಂಟೆಗೆ 300 ಕಿ.ಮೀ.ಯನ್ನು ಮೀರುವುದೂ ಉಂಟು. ಜಪಾನಿನ ಹವಾಮಾನ ವಿಜ್ಞಾನಿ ವಾಸಾಬುರೊ ಓಯಿಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು ಈ ಗಾಳಿಯನ್ನು ಗುರುತಿಸಿದ್ದರು. ಜಗತ್ತಿನ ಎಲ್ಲರಿಗೂ ತಲುಪಲಿ ಎಂಬ ಆಸೆಯಿಂದ ಅವರು ತಮ್ಮ ವರದಿಯನ್ನು ಎಸ್ಪೆರಾಂಟೊ ಎಂಬ ಕೃತಕ ಅಂತರರಾಷ್ಟ್ರೀಯ ಭಾಷೆಯಲ್ಲಿ ಪ್ರಕಟಿಸಿದರಾದರೂ ಅದು ಹೊರಗೆ ಹೆಚ್ಚು ಜನರ ಗಮನಕ್ಕೆ ಬರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ಬಾಂಬರ್ ವಿಮಾನಗಳ ಪೈಲಟ್‌ಗಳು ಅದೇ ಗಾಳಿಗೆ ಸಿಕ್ಕಾಗ ಬೆರಗಾಗಬೇಕಾಯಿತು.

ವಿಮಾನಕ್ಕೆ ಎರಡು ವೇಗಗಳಿವೆ. ಸುತ್ತಲಿನ ಗಾಳಿಗೆ ಹೋಲಿಸಿದರೆ ಅದು ಮುನ್ನುಗ್ಗುವ ವೇಗ ವಾಯುವೇಗ. ಕೆಳಗಿನ ನೆಲಕ್ಕೆ ಹೋಲಿಸಿದರೆ ಇರುವ ವೇಗ ನೆಲವೇಗ. ಹರಿಯುವ ಹೊಳೆಯಲ್ಲಿ ದೋಣಿ ನಡೆಸುವವನು ಎಷ್ಟೇ ಒಂದೇ ಸಮನೆ ಹುಟ್ಟು ಹಾಕಿದರೂ ದಡ ಸರಿಯುವ ವೇಗ ಪ್ರವಾಹವನ್ನು ಅವಲಂಬಿಸಿರುವಂತೆಯೇ ಇದು. ಗಂಟೆಗೆ 900 ಕಿ.ಮೀ. ವಾಯುವೇಗದ ವಿಮಾನಕ್ಕೆ ದಾರಿಯುದ್ದಕ್ಕೂ ಸರಾಸರಿ 60 ಕಿ.ಮೀ. ಹಿಂಗಾಳಿ ಸಿಕ್ಕರೆ 14,000 ಕಿ.ಮೀ. ದೂರ ಹದಿನಾಲ್ಕೂವರೆ ಗಂಟೆಗೆ ಮುಗಿಯುತ್ತದೆ; ಅಷ್ಟೇ ಬಲದ ಎದುರುಗಾಳಿ ಇದ್ದರೆ ಹದಿನಾರೂ ಮುಕ್ಕಾಲು ಗಂಟೆಯ ಹತ್ತಿರ ಬರುತ್ತದೆ. 2020ರ ಫೆಬ್ರವರಿ 9ರಂದು ಸಿಯಾರಾ ಚಂಡಮಾರುತದ ಹೊತ್ತಿನಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲಿ ಬಂದಿಳಿಯಿತು. ಅದರ ನೆಲವೇಗ ಒಂದು ಹಂತದಲ್ಲಿ ಗಂಟೆಗೆ 1,300 ಕಿ.ಮೀ.ಯನ್ನು ದಾಟಿದ್ದರೂ ವಿಮಾನ ಶಬ್ದದ ವೇಗವನ್ನು ಮೀರಿರಲಿಲ್ಲ, ಏಕೆಂದರೆ ಅದನ್ನು ಹೊತ್ತಿದ್ದ ಗಾಳಿಯೇ ಅದರೊಡನೆ ಓಡುತ್ತಿತ್ತು. ಆದ್ದರಿಂದ ವಿಮಾನಯೋಜಕರು ಪ್ರತಿ ಹಾರಾಟಕ್ಕೂ ಆ ದಿನದ ಗಾಳಿಯ ಮುನ್ಸೂಚನೆಯನ್ನು ಮುಂದಿಟ್ಟುಕೊಂಡು ಹೊಸದಾಗಿ ದಾರಿ ಹಾಕುತ್ತಾರೆ. ಪೂರ್ವಕ್ಕೆ ಹೋಗುವಾಗ ಪೆಸಿಫಿಕ್‌ನ ಜೆಟ್ ಪ್ರವಾಹದ ಬೆನ್ನೇರಲು ಕೆಲವು ನೂರು ಕಿ.ಮೀ. ಸುತ್ತುವುದೂ, ಪಶ್ಚಿಮಕ್ಕೆ ಬರುವಾಗ ಆ ಪ್ರವಾಹವನ್ನು ತಪ್ಪಿಸಿಕೊಳ್ಳಲು ಗಾಳಿ ಶಾಂತವಾಗಿರುವ ಧ್ರುವದತ್ತ ಸರಿಯುವುದೂ ಲಾಭವೇ. ದೂರ ಹೆಚ್ಚಿ ಹೊತ್ತು ಕಡಿಮೆಯಾಗುವುದು ಹೀಗೆ.

ಗಾಳಿ ಅನುಕೂಲವಾಗಿದ್ದರೂ ಎಲ್ಲೆಂದರಲ್ಲಿ ಹಾರುವಂತಿಲ್ಲ. ಮಹಾವೃತ್ತದ ದಾರಿಯಲ್ಲಿ ಮೊದಲು ಎದುರಾಗುವ ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರ ಸುಮಾರು 4,500 ಮೀಟರ್. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತಾಗಿ ಕುಸಿದರೆ, ಪ್ರಯಾಣಿಕರ ತಲೆಯ ಮೇಲಿಂದ ಇಳಿಬೀಳುವ ಆಮ್ಲಜನಕದ ಮುಖವಾಡಗಳು ಕೆಲವೇ ನಿಮಿಷ ಕೆಲಸ ಮಾಡುತ್ತವೆ. ಅಷ್ಟರೊಳಗೆ ಪೈಲಟ್ ವಿಮಾನವನ್ನು 3,000 ಮೀಟರ್ ಎತ್ತರಕ್ಕೆ, ಅಂದರೆ ಮುಖವಾಡವಿಲ್ಲದೆ ಉಸಿರಾಡಬಹುದಾದ ಮಟ್ಟಕ್ಕೆ ಇಳಿಸಬೇಕು. ನೆಲವೇ ಅದಕ್ಕಿಂತ ಎತ್ತರದಲ್ಲಿರುವ ಕಡೆ ಇದು ಅಸಾಧ್ಯವಾದ ಕಾರಣ ಹೆಚ್ಚಿನ ವಿಮಾನಗಳು ಈ ಪ್ರಸ್ಥಭೂಮಿಯನ್ನು ಸುತ್ತುಹಾಕಿಕೊಂಡೇ ಹೋಗುತ್ತವೆ. ಉತ್ತರಕ್ಕೆ ಹೋದಂತೆ ಕಷ್ಟಗಳ ಬಗೆ ಬದಲಾಗುತ್ತದೆ. ಜೆಟ್ ಎ ಎಂಬ ವಿಮಾನ ಇಂಧನ ಶೂನ್ಯಕ್ಕಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ, ಜೆಟ್ ಎ-1 ಎಂಬುದು 47 ಡಿಗ್ರಿ ಕೆಳಗೆ. ಧ್ರುವದ ಮೇಲಿನ ಗಾಳಿ ಅದಕ್ಕಿಂತಲೂ ತಣ್ಣಗಿರಬಹುದಾದ್ದರಿಂದ ರೆಕ್ಕೆಯೊಳಗಿನ ಇಂಧನದ ಉಷ್ಣತೆಯ ಮೇಲೆ ಸದಾ ಕಣ್ಣಿಡಬೇಕು. ಕಾಂತೀಯ ದಿಕ್ಸೂಚಿ ಅಲ್ಲಿ ನಂಬಿಕೆಗೆ ಅರ್ಹವಲ್ಲ. ಎರಡೇ ಎಂಜಿನ್‌ಗಳಿರುವ ವಿಮಾನಕ್ಕೆ ಒಂದು ಎಂಜಿನ್ ಕೈಕೊಟ್ಟರೆ ಉಳಿದ ಒಂದರಿಂದಲೇ ನಿಗದಿತ ನಿಮಿಷಗಳೊಳಗೆ ತಲುಪಬಹುದಾದ ನಿಲ್ದಾಣವೊಂದು ದಾರಿಯ ಪ್ರತಿಯೊಂದು ಬಿಂದುವಿಗೂ ಇರಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯದ ಬೋಯಿಂಗ್ 777 ವಿಮಾನ, ಒಂದು ಎಂಜಿನ್‌ನಲ್ಲಿ ತಾಂತ್ರಿಕ ದೋಷ ಕಂಡುಬಂದಾಗ ರಷ್ಯದ ದೂರಪೂರ್ವದ ಮಗಡಾನ್ ಪಟ್ಟಣದಲ್ಲಿ ಸುರಕ್ಷಿತವಾಗಿ ಇಳಿದದ್ದು ಈ ನಿಯಮದ ಮಹತ್ವವನ್ನು ತೋರಿಸುತ್ತದೆ. ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರು ಬದಲಿ ವಿಮಾನ ಬರುವವರೆಗೆ ಆ ಚಿಕ್ಕ ಊರಿನಲ್ಲಿ ಕಷ್ಟಪಟ್ಟರು; ಎಲ್ಲರೂ ಜೀವಂತ ಉಳಿದರು.

ಯಂತ್ರದ ಮಿತಿಯೂ ಲೆಕ್ಕಕ್ಕೆ ಸೇರಬೇಕು. ನೆಲದಿಂದ ಏರುವಾಗ ಬೋಯಿಂಗ್ 777-200ಎಲ್ಆರ್ ವಿಮಾನಕ್ಕೆ ಇರಬಹುದಾದ ಗರಿಷ್ಠ ಒಟ್ಟು ತೂಕ ಸುಮಾರು 347 ಟನ್. ಅದರ ಟ್ಯಾಂಕುಗಳು ಪೂರ್ತಿ ತುಂಬಿದಾಗ ಇಂಧನವೊಂದೇ ಸುಮಾರು 145 ಟನ್ ತೂಗುತ್ತದೆ, ಅಂದರೆ ಒಟ್ಟು ತೂಕದ ಐದರಲ್ಲಿ ಎರಡು ಪಾಲಿಗೂ ಮಿಗಿಲು. ಹದಿನಾರನೆಯ ಗಂಟೆಗೆ ಬೇಕಾದ ಇಂಧನವನ್ನು ಮೊದಲ ಹದಿನೈದು ಗಂಟೆ ಹೊತ್ತುಕೊಂಡೇ ಹೋಗಬೇಕು, ಹೊರುವುದಕ್ಕೂ ಇಂಧನ ಸುಡುತ್ತದೆ. ಹೀಗಾಗಿ ದೂರ ಹೆಚ್ಚಿದಂತೆ ಪ್ರತಿ ಕಿ.ಮೀ.ಗೆ ತಗಲುವ ಇಂಧನವೂ ಹೆಚ್ಚುತ್ತದೆ. ಇದರ ಮೇಲೆ ಬೆಂಗಳೂರಿನದೇ ಆದ ಒಂದು ತೊಡಕಿದೆ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣ ಸಮುದ್ರದ ಅಂಚಿನಲ್ಲಿ, ಹೆಚ್ಚುಕಡಿಮೆ ನೀರಿನ ಮಟ್ಟದಲ್ಲಿಯೇ ಇದ್ದರೆ, ದೇವನಹಳ್ಳಿಯ ಬಯಲು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ, ಬಿಸಿಲೇರಿದ ಮಧ್ಯಾಹ್ನ ಇನ್ನಷ್ಟು ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲವೂ ಎಂಜಿನ್‌ಗೆ ನೂಕುವ ಬಲವೂ ಕಡಿಮೆ ಸಿಗುವುದರಿಂದ, ಒಂದೇ ವಿಮಾನ ಬೆಂಗಳೂರಿನಿಂದ ಏರುವಾಗ ಕಡಲತೀರದ ನಿಲ್ದಾಣದಿಂದ ಏರುವಾಗಿನಷ್ಟು ಭಾರವನ್ನು ಹೊರಲಾರದು. ಕೆಲವು ಆಸನಗಳನ್ನೋ ಒಂದಿಷ್ಟು ಸರಕನ್ನೋ ಬಿಟ್ಟು ಇಂಧನಕ್ಕೆ ಜಾಗ ಮಾಡಿಕೊಡಬೇಕಾದ ಪ್ರಸಂಗಗಳು ಹುಟ್ಟುವುದು ಈ ಕಾರಣಕ್ಕೆ.

ಇಷ್ಟೆಲ್ಲ ಪ್ರಕೃತಿ ಮತ್ತು ಯಂತ್ರದ ಮಾತು. ಮನುಷ್ಯ ತಾನೇ ಎಳೆದುಕೊಂಡ ಗೆರೆಗಳು ಇನ್ನೊಂದು ಬಗೆಯವು. 1944ರ ಷಿಕಾಗೊ ಒಪ್ಪಂದದ ಮೊದಲ ವಿಧಿಯ ಪ್ರಕಾರ ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ವಾಯುಪ್ರದೇಶದ ಮೇಲೆ ಸಂಪೂರ್ಣ ಅಧಿಕಾರವಿದೆ; ಅನುಮತಿ ಪಡೆದು, ಶುಲ್ಕ ತೆತ್ತು, ಹಾಯಬೇಕು. 2022ರಲ್ಲಿ ರಷ್ಯ ಉಕ್ರೇನಿನ ಮೇಲೆ ದಾಳಿ ನಡೆಸಿದ ಬಳಿಕ ಪಾಶ್ಚಾತ್ಯ ದೇಶಗಳು ರಷ್ಯದ ವಿಮಾನಗಳಿಗೆ, ರಷ್ಯ ಆ ದೇಶಗಳ ವಿಮಾನಗಳಿಗೆ ಆಕಾಶವನ್ನು ಮುಚ್ಚಿದವು. ಹೆಲ್ಸಿಂಕಿಯಿಂದ ಟೋಕಿಯೊಗೆ ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ತಲುಪುತ್ತಿದ್ದ ಫಿನ್‌ಲೆಂಡಿನ ವಿಮಾನಗಳು ಸೈಬೀರಿಯವನ್ನು ಸುತ್ತುಹಾಕಿ, ಕೆಲವೊಮ್ಮೆ ಉತ್ತರ ಧ್ರುವದ ಮೂಲಕವೇ ಹಾದು, ಹದಿಮೂರು ಗಂಟೆಯ ಹತ್ತಿರ ಹಾರಬೇಕಾಯಿತು. ಭಾರತದ ವಿಮಾನಗಳಿಗೆ ರಷ್ಯದ ಆಕಾಶ ತೆರೆದೇ ಉಳಿದುದರಿಂದ ಸ್ಯಾನ್ ಫ್ರಾನ್ಸಿಸ್ಕೊದಂತಹ ದಾರಿಗಳಲ್ಲಿ ಅವುಗಳಿಗೆ ಅಮೆರಿಕದ ವಿಮಾನಗಳಿಗಿಲ್ಲದ ಅನುಕೂಲ ದೊರೆಯಿತು. ಆದರೆ ಪಶ್ಚಿಮದ ಬಾಗಿಲಲ್ಲಿ ಭಾರತವೂ ಇದೇ ಪೆಟ್ಟನ್ನು ಉಂಡಿದೆ. 2019ರ ಫೆಬ್ರವರಿ ಕೊನೆಯಿಂದ ಜುಲೈವರೆಗೆ ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿದಾಗ, ಮತ್ತೆ 2025ರ ಏಪ್ರಿಲ್‌ನಲ್ಲಿ ಭಾರತದ ವಿಮಾನಗಳಿಗೆ ಅದನ್ನು ನಿಷೇಧಿಸಿದಾಗ, ದೆಹಲಿಯಿಂದ ಯುರೋಪು ಮತ್ತು ಅಮೆರಿಕಗಳಿಗೆ ಹೋಗುವ ವಿಮಾನಗಳು ಅರಬ್ಬೀ ಸಮುದ್ರದತ್ತ ಬಳಸಿ ಹೋಗಬೇಕಾಗಿ ಬಂತು. ನಿಲ್ದಾಣಗಳು ಇದ್ದಲ್ಲೇ ಇದ್ದವು, ಅವುಗಳ ನಡುವಣ ದೂರ ಒಂದು ಮೀಟರ್ ಕೂಡ ಬದಲಾಗಲಿಲ್ಲ. ಪ್ರಯಾಣ ಮಾತ್ರ ಉದ್ದವಾಯಿತು.

ಇನ್ನು ಗಡಿಯಾರದ ಲೆಕ್ಕ. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಭಾರತದ ಅಧಿಕೃತ ಕಾಲ ಉತ್ತರ ಪ್ರದೇಶದ ಮಿರ್ಜಾಪುರದ ಸಮೀಪ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿದ್ದರೆ, ಕ್ಯಾಲಿಫೋರ್ನಿಯದ ಕಾಲ 120 ಡಿಗ್ರಿ ಪಶ್ಚಿಮ ರೇಖಾಂಶಕ್ಕೆ ಹೊಂದಿಕೊಂಡಿದೆ. ಎರಡರ ಮೊತ್ತ 202.5 ಡಿಗ್ರಿ, ಹದಿನೈದರಿಂದ ಭಾಗಿಸಿದರೆ ಹದಿಮೂರೂವರೆ ಗಂಟೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದರಿಂದ ಆಗ ಅಂತರ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ 2 ಗಂಟೆಗೆ ಬೆಂಗಳೂರನ್ನು ಬಿಟ್ಟು ಹದಿನಾರು ಗಂಟೆ ಹಾರಿದ ವಿಮಾನ ಭಾರತದ ಪ್ರಕಾರ ಮರುದಿನ ಬೆಳಿಗ್ಗೆ 6 ಗಂಟೆಗೆ ಇಳಿಯುತ್ತದೆ. ಆ ಕ್ಷಣದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ಹೊರಟ ದಿನದ ಸಂಜೆ 4:30 ಎಂದು ತೋರಿಸುತ್ತಿರುತ್ತದೆ. ಅಲ್ಲಿಂದ ರಾತ್ರಿ 8:30ಕ್ಕೆ ಹೊರಟು ಹದಿನೇಳು ಗಂಟೆ ಹಾರಿದರೆ, ನಡುವಿನ ಒಂದು ದಿನಾಂಕ ಪೂರ್ತಿಯಾಗಿ ಆಕಾಶದಲ್ಲೇ ಕಳೆದು, ಮೂರನೆಯ ದಿನಾಂಕದ ನಸುಕಿನ 3 ಗಂಟೆಗೆ ಬೆಂಗಳೂರು ಸಿಗುತ್ತದೆ. ಗಡಿಯಾರದ ಅಂತರ ಇಲ್ಲಿ ಅರ್ಧ ದಿನಕ್ಕೂ ಮಿಗಿಲಾಗಿರುವುದರಿಂದ ಹಗಲಿಗೂ ಇರುಳಿಗೂ ಅದಲುಬದಲಾಗಿ, ವಯಸ್ಸಾದ ತಂದೆ-ತಾಯಂದಿರ ನಿದ್ದೆ, ಊಟ, ಮಾತ್ರೆಗಳ ವೇಳೆ ಹಲವು ದಿನ ಹಳಿಗೆ ಬಾರದು; ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮೊದಲೇ ವೈದ್ಯರಿಂದ ವೇಳಾಪಟ್ಟಿ ಬರೆಸಿಕೊಳ್ಳುವುದು ಕ್ಷೇಮ.

ಟಿಕೆಟಿನಲ್ಲಿ ನಮೂದಾಗುವ ಅವಧಿ ಕೇವಲ ಹಾರಾಟದ ಅವಧಿಯಲ್ಲ ಎಂಬುದನ್ನೂ ಗಮನಿಸಬೇಕು. ಹೊರಡುವ ನಿಲ್ದಾಣದ ಗೇಟಿನಿಂದ ವಿಮಾನ ಕದಲಿದ ಕ್ಷಣದಿಂದ ತಲುಪಿದ ನಿಲ್ದಾಣದ ಗೇಟಿನಲ್ಲಿ ನಿಲ್ಲುವವರೆಗಿನ ಒಟ್ಟು ಕಾಲ ಅದು. ವಿಮಾನಯಾನದವರು ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ರನ್‌ವೇವರೆಗೆ ಉರುಳುವುದು, ಸರದಿಗಾಗಿ ಕಾಯುವುದು, ಇಳಿಯುವ ಮೊದಲು ಸುತ್ತುವುದು ಎಲ್ಲ ಅದರಲ್ಲಿ ಅಡಕ. ಆಯಾ ಋತುವಿನ ಸರಾಸರಿ ಗಾಳಿಯನ್ನು ಲೆಕ್ಕ ಹಾಕಿ, ತುಸು ಕಾಲವನ್ನು ಕೈಯಲ್ಲಿಟ್ಟುಕೊಂಡೇ ಸಂಸ್ಥೆಗಳು ವೇಳಾಪಟ್ಟಿ ರೂಪಿಸುವುದರಿಂದ ಅದೇ ದಾರಿಯ ಅವಧಿ ಬೇಸಿಗೆ ಮತ್ತು ಚಳಿಗಾಲದ ಪಟ್ಟಿಗಳಲ್ಲಿ ಬೇರೆಯಾಗಿರುತ್ತದೆ. ಮುಂದಿನ ವಿಮಾನಕ್ಕೆ ಹತ್ತಬೇಕಾದವರು ಕಿ.ಮೀ. ಲೆಕ್ಕವನ್ನು ಬದಿಗಿಟ್ಟು, ತಾವು ಹೊರಡುವ ತಿಂಗಳಿನ ವೇಳಾಪಟ್ಟಿಯನ್ನೇ ನೋಡಿ, ಅದರ ಮೇಲೂ ಒಂದೆರಡು ಗಂಟೆ ಬಿಟ್ಟುಕೊಂಡು ಯೋಜಿಸುವುದು ಒಳಿತು.

ಭೂಮಿಯ ದುಂಡು, ಟಿಬೆಟ್ಟಿನ ಎತ್ತರ, ಜೆಟ್ ಪ್ರವಾಹದ ದಿಕ್ಕು ಇವು ಯಾರ ಮಾತನ್ನೂ ಕೇಳುವಂಥವಲ್ಲ. ಎಂಜಿನ್ ಮತ್ತು ರೆಕ್ಕೆಗಳನ್ನು ಎಂಜಿನಿಯರರು ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದ್ದಾರೆ. ಸಿಂಗಪುರದಿಂದ ನ್ಯೂಯಾರ್ಕಿಗೆ 15,300 ಕಿ.ಮೀ.ಗೂ ಹೆಚ್ಚು ದೂರವನ್ನು ಒಂದೇ ಉಸಿರಿನಲ್ಲಿ ಕ್ರಮಿಸುವ ಸೇವೆ ಆ ಶ್ರಮದ ಫಲ. ಆದರೆ ದಶಕಗಳ ಪರಿಶ್ರಮದಿಂದ ಇಂಧನದಲ್ಲಿ ಮಾಡಿದ ಉಳಿತಾಯವನ್ನು ಆಕಾಶಕ್ಕೆ ಹಾಕಿದ ಒಂದು ಬೀಗ ಒಂದೇ ದಿನದಲ್ಲಿ ನುಂಗಿಹಾಕಬಲ್ಲದು ಎಂಬುದನ್ನು ಈಚಿನ ವರ್ಷಗಳು ಮತ್ತೆ ಮತ್ತೆ ತೋರಿಸಿವೆ. ಆ ಹೆಚ್ಚುವರಿ ಗಂಟೆಗಳ ವೆಚ್ಚ ಟಿಕೆಟಿನ ದರದಲ್ಲಿ ಪ್ರಯಾಣಿಕರ ಮೇಲೆ ಬೀಳುತ್ತದೆ, ಅದರ ಹೊಗೆ ಎಂದೂ ವಿಮಾನ ಹತ್ತದವರ ಗಾಳಿಗೂ ಸೇರುತ್ತದೆ. ದೂರದ ಎರಡು ಊರುಗಳ ನಡುವಣ ಪ್ರಯಾಣವನ್ನು ಕಡಿಮೆ ಮಾಡಬೇಕೆಂದರೆ ಹೊಸ ವಿಮಾನಗಳ ಜೊತೆಗೆ ರಾಜತಾಂತ್ರಿಕರ ತಾಳ್ಮೆಯೂ ಅಷ್ಟೇ ಅಗತ್ಯ; ವಾಯುಪ್ರದೇಶದ ಮಾತುಕತೆಗಳನ್ನು ಕೇವಲ ಪ್ರತಿಷ್ಠೆಯ ವಿಷಯವಾಗಿ ಕಾಣದೆ ಸಾಮಾನ್ಯ ಜನರ ದಿನನಿತ್ಯದ ಅನುಕೂಲದ ವಿಷಯವಾಗಿ ಕಾಣುವಂತೆ ಸರ್ಕಾರಗಳನ್ನು ಒತ್ತಾಯಿಸುವ ಹಕ್ಕು ಪ್ರಯಾಣಿಕರಿಗೂ ಅವರ ದಾರಿ ಕಾಯುವವರಿಗೂ ಇದೆ.